ಫ್ರಾನ್ಸ್‌ನಲ್ಲಿ ಎಡಪಕ್ಷಗಳಿಗೆ ಇಷ್ಟೊಂದು ವೋಟಿದ್ದರೂ 2017, 2022 ಎರಡರಲ್ಲೂ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿಗೆ ಯಾಕೆ ಬರಲಿಲ್ಲ?

ವೋಟು ಇಲ್ಲ ಅಂತಲ್ಲ. ಅದು ಮೊದಲ ಸುತ್ತಿನಲ್ಲೇ ಹಂಚಿಹೋಗುತ್ತದೆ, ಎರಡನೇ ಸುತ್ತಿಗೆ ಹೋಗುವುದು ಮೊದಲ ಇಬ್ಬರು ಮಾತ್ರ. ಇದನ್ನು ನಾನು 2022ರ ಏಪ್ರಿಲ್‌ನಲ್ಲಿ ತೀರಾ ಹತ್ತಿರದಿಂದ ನೋಡಿದೆ.

ಆಗ ಲಿಯೋನ್ ಪಕ್ಕದ ವೆನಿಸ್ಯೂನಲ್ಲಿ ಬಾಡಿಗೆಗಿದ್ದೆ. ಮನೆ ಓನರ್ ಎಪ್ಪತ್ತು ದಾಟಿದ ಹೆಂಗಸು. ತೀರಿಹೋದ ಅವರ ಗಂಡ ಅಲ್ಲಿನ ಲಾರಿ ಕಾರ್ಖಾನೆಯಲ್ಲಿ ದುಡಿದವರು, ಕೊನೆವರೆಗೂ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. ಫ್ರಾನ್ಸ್‌ನಲ್ಲಿ ಚುನಾವಣೆಗೆ ಮೊದಲು ಮತದಾರರ ಮನೆಗೆ ಅಂಚೆಯಲ್ಲಿ ದಪ್ಪ ಕವರ್ ಬರುತ್ತದೆ. ಅದರಲ್ಲಿ ಎಲ್ಲ ಅಭ್ಯರ್ಥಿಗಳ ಪ್ರಚಾರದ ಹಾಳೆ, ಜೊತೆಗೆ ಒಬ್ಬೊಬ್ಬರ ಹೆಸರಿನ ಒಂದೊಂದು ಚೀಟಿ. ಬೇಕಾದ ಚೀಟಿಯನ್ನು ಮತಗಟ್ಟೆಯಲ್ಲಿ ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಡಬೇಕು. ಅವರು ಊಟದ ಮೇಜಿನ ಮೇಲೆ 12 ಚೀಟಿ ಹರಡಿಕೊಂಡು ಕೂತಿದ್ದರು. ಆರು ಎಡದವರದ್ದು! ಕೊನೆಗೆ ಎರಡು ಉಳಿಸಿಕೊಂಡರು. ಒಂದು ಎಡದವರಲ್ಲಿ ಎಲ್ಲರಿಗಿಂತ ಮುಂದಿದ್ದ ಮೆಲಾಂಶೋನ್ ಅವರದ್ದು, ಇನ್ನೊಂದು ಕಮ್ಯುನಿಸ್ಟ್ ಅಭ್ಯರ್ಥಿ ರೂಸೆಲ್ ಅವರದ್ದು. "ಗೆಲ್ಲೋ ಕುದುರೆಗೆ ಹಾಕು ಅಂತ ಮಗಳು ಹೇಳ್ತಾಳೆ. ನನ್ನ ಕೈ ಬರಲ್ಲ" ಅಂದರು. ರೂಸೆಲ್‌ಗೇ ಹಾಕಿದರು.

ಆ ಭಾನುವಾರ ರಾತ್ರಿ 8ಕ್ಕೆ ಟಿವಿಯಲ್ಲಿ ಎರಡನೇ ಸುತ್ತಿಗೆ ಹೋಗುವವರ ಮುಖ ಬಂತು: ಆಗ ಅಧ್ಯಕ್ಷರಾಗಿದ್ದ ಮ್ಯಾಕ್ರಾನ್, ಕಡು ಬಲಪಂಥದ ಮರೀನ್ ಲೆ ಪೆನ್. ಕೊನೆಯ ಲೆಕ್ಕದಲ್ಲಿ ಲೆ ಪೆನ್‌ಗೆ ಶೇ. 23.15, ಮೆಲಾಂಶೋನ್‌ಗೆ ಶೇ. 21.95. ಅಂತರ ಸುಮಾರು 4.2 ಲಕ್ಷ ವೋಟು. ರೂಸೆಲ್ ಒಬ್ಬರೇ 8 ಲಕ್ಷ ಪಡೆದಿದ್ದರು. ಆರೂ ಜನರದ್ದು ಕೂಡಿದರೆ ಸುಮಾರು ಶೇ. 32, ಅಂದರೆ ಮೊದಲ ಸ್ಥಾನದ ಮ್ಯಾಕ್ರಾನ್‌ಗಿಂತಲೂ ಜಾಸ್ತಿ.

ಇದು ಹೊಸ ರೋಗವೂ ಅಲ್ಲ. 2002ರಲ್ಲಿ ಪ್ರಧಾನಿಯಾಗಿದ್ದ ಸಮಾಜವಾದಿ ಪಕ್ಷದ ಜೋಸ್ಪಾನ್ 2 ಲಕ್ಷಕ್ಕೂ ಕಡಿಮೆ ವೋಟಿನಿಂದ ಈ ಲೆ ಪೆನ್ ಅವರ ಅಪ್ಪನ ಹಿಂದೆ ಬಿದ್ದು ಹೊರಗುಳಿದರು. ಆಗಲೂ ಎಡದಲ್ಲಿ ಜನ ತುಂಬಿಕೊಂಡಿದ್ದರು.

ಹಾಗಂತ ಸುಮ್ನೆ ಕೂಡಿಸಿದರೆ ಆಗಲ್ಲ. ಯೂರೋಪ್ ಒಕ್ಕೂಟ, ಅಣುವಿದ್ಯುತ್, ರಷ್ಯಾ, ಇವುಗಳಲ್ಲೆಲ್ಲ ಅವರ ನಡುವೆ ನಿಜವಾದ ಜಗಳವಿದೆ. ರೂಸೆಲ್‌ಗೆ ಅಣುಸ್ಥಾವರ ಬೇಕು, ಮೆಲಾಂಶೋನ್‌ಗೆ ಬೇಡ. ಮೆಲಾಂಶೋನ್ ಒಬ್ಬರೇ ನಿಂತಿದ್ದರೆ ಹಸಿರು ಪಕ್ಷದ ಎಷ್ಟೋ ಜನ ಮ್ಯಾಕ್ರಾನ್ ಕಡೆ ಹೋಗುತ್ತಿದ್ದರು ಅನ್ನೋದು ನನ್ನ ಅನಿಸಿಕೆ.

ಸಮಾಜವಾದಿ ಪಕ್ಷದ ಪಾಡಂತೂ ಕರುಳು ಹಿಂಡುತ್ತದೆ. 2012ರಲ್ಲಿ ಒಲಾಂದ್ ಗೆದ್ದು ಅಧ್ಯಕ್ಷರಾದರು. 2016ರಲ್ಲಿ ಅವರದೇ ಸರ್ಕಾರ ಮಾಲೀಕರ ಕೈ ಬಲಪಡಿಸುವ ಕಾರ್ಮಿಕ ಕಾನೂನನ್ನು ಸಂಸತ್ತಿನಲ್ಲಿ ವೋಟಿಗೆ ಹಾಕದೆ ಪಾಸು ಮಾಡಿತು. ಬೀದಿಗಿಳಿದವರು ಅವರಿಗೇ ವೋಟು ಹಾಕಿದ್ದ ಜನ. 2017ರಲ್ಲಿ ಪಕ್ಷಕ್ಕೆ ಸಿಕ್ಕಿದ್ದು ಶೇ. 6.36. 2022ರಲ್ಲಿ ಶೇ. 1.75. ಕೂಲಿಕಾರರ ನಂಬಿಕೆ ಒಮ್ಮೆ ಮುರಿದರೆ ಸುಲಭಕ್ಕೆ ಕೂಡಲ್ಲ, ಅಲ್ವಾ?

ಸಂಸತ್ತಿನ ಚುನಾವಣೆ ಬಂದರೆ ಮಾತ್ರ ಇವರೇ ಒಂದಾಗುತ್ತಾರೆ. 2022ರ ಮೇನಲ್ಲಿ ಸೀಟು ಹಂಚಿಕೊಂಡರು. 2024ರಲ್ಲೂ ಹಂಚಿಕೊಂಡು ಅತಿ ದೊಡ್ಡ ಕೂಟವಾದರು. ಬಹುಮತ ಬರಲಿಲ್ಲ, ಪ್ರಧಾನಿ ಪಟ್ಟವೂ ಸಿಗಲಿಲ್ಲ. 577 ಸೀಟಿದ್ದಾಗ ನಿನಗಿಷ್ಟು ನನಗಿಷ್ಟು ಅನ್ನಬಹುದು. ಅಧ್ಯಕ್ಷರ ಕುರ್ಚಿ ಒಂದೇ. ಅಲ್ಲಿ ಯಾರಾದರೂ ಪೂರ್ತಿ ಬಿಟ್ಟುಕೊಡಲೇಬೇಕು.

ಎರಡನೇ ಸುತ್ತಿಗೆ ನಮ್ಮ ಓನರ್‌ಗೆ ಬಂದ ಕವರ್ ತೆಳ್ಳಗಿತ್ತು. ಎರಡೇ ಚೀಟಿ. ಗಂಡ ಜೀವನವಿಡೀ ವಿರೋಧಿಸಿದ ರಾಜಕೀಯ ಎರಡೂ ಕಡೆ. ಲೆ ಪೆನ್ ಬರಬಾರದು ಅಂತ ಮ್ಯಾಕ್ರಾನ್ ಚೀಟಿಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಆ ದಿನ ಮಧ್ಯಾಹ್ನದವರೆಗೂ ಅವರು ಯಾರ ಹತ್ತಿರವೂ ಮಾತಾಡಲಿಲ್ಲ.