2009ರಲ್ಲಿ ಚೀನಾ ಡಾಟ್ ಸಿಎನ್ (.cn) ಎಂದು ಕೊನೆಗೊಳ್ಳುವ ಜಾಲತಾಣದ ಹೆಸರುಗಳನ್ನು ಜನಸಾಮಾನ್ಯರಿಗೆ ಕೊಡುವುದನ್ನು ನಿಲ್ಲಿಸಿದ್ದು ಯಾಕೆ, ಹೇಗೆ?

ಅಶ್ಲೀಲ ತಾಣಗಳನ್ನು ತಡೆಯಲು ಎಂಬುದು ಹೊರಗೆ ಹೇಳಿದ ಕಾರಣ. ಪ್ರತಿ ತಾಣದ ಹಿಂದೆ ಯಾರಿದ್ದಾರೆಂದು ತಿಳಿಯುವುದೂ ಅಷ್ಟೇ ಮುಖ್ಯ ಉದ್ದೇಶವಾಗಿತ್ತು ಎಂದು ನನಗನಿಸುತ್ತದೆ. 2009ರ ಡಿಸೆಂಬರ್ 14ರಿಂದ ಹೆಸರು ಬೇಕೆಂದರೆ ಮೊಹರು ಹಾಕಿದ ಅರ್ಜಿ, ವ್ಯಾಪಾರ ಪರವಾನಗಿ, ಗುರುತಿನ ಚೀಟಿಯ ಪ್ರತಿ ಕೊಡಬೇಕಾಯಿತು. ಪರವಾನಗಿ ಇಲ್ಲದ ವ್ಯಕ್ತಿಗಳಿಗೆ ಬಾಗಿಲು ಮುಚ್ಚಿತು.

ಇದು ಇಷ್ಟು ಸುಲಭವಾಗಿ ಆದದ್ದು ಹೇಗೆ? ಪ್ರತಿ ದೇಶದ ಎರಡಕ್ಷರದ ಕೋಡ್‌ಗೆ (ಚೀನಾಕ್ಕೆ ಸಿಎನ್, ಭಾರತಕ್ಕೆ ಇನ್) ಒಂದೇ ಒಂದು ಮೂಲ ಪಟ್ಟಿ ಇರುತ್ತದೆ. ಊರಿನ ಪಹಣಿ ಪುಸ್ತಕ ಒಂದೇ ಕಚೇರಿಯಲ್ಲಿದ್ದ ಹಾಗೆ. ಹೆಸರು ಮಾರುವ ಕಂಪನಿಗಳು ನೂರಾರು ಇರಬಹುದು, ಆದರೆ ಈ ಪಟ್ಟಿಗೆ ಸೇರದ ಹೆಸರನ್ನು ಬ್ರೌಸರ್ ಹುಡುಕಲಾರದು. ಚೀನಾದಲ್ಲಿ ಪಟ್ಟಿ ನೋಡಿಕೊಳ್ಳುವುದು ಸಿಎನ್‌ಎನ್‌ಐಸಿ, ಅದು ಸರ್ಕಾರದ ಹಿಡಿತದಲ್ಲಿರುವ ಸಂಸ್ಥೆ. ಅಲ್ಲಿ ನಿಯಮ ಬದಲಾದರೆ ಎಲ್ಲ ಮಾರಾಟಗಾರರೂ ಒಪ್ಪಲೇಬೇಕು.

ಈಗಾಗಲೇ ಹೆಸರು ಪಡೆದಿದ್ದವರಿಂದಲೂ ಫೋಟೋ, ದಾಖಲೆ ಕೇಳಿದ್ದು ಮಾತ್ರ ತೀರಾ ಜಾಸ್ತಿಯಾಯಿತು. 2010ರ ಮಾರ್ಚ್‌ನಲ್ಲಿ ಇಂಥ ಹೆಸರು ಮಾರುವ ಅಮೆರಿಕದ ಗೋಡ್ಯಾಡಿ ಕಂಪನಿ ಇದೇ ಕಾರಣಕ್ಕೆ ಹೊಸ ಡಾಟ್ ಸಿಎನ್ ನೋಂದಣಿ ನಿಲ್ಲಿಸಿತು.

2012ರ ಮೇ ತಿಂಗಳಲ್ಲಿ ವ್ಯಕ್ತಿಗಳಿಗೆ ಮತ್ತೆ ಅವಕಾಶ ಸಿಕ್ಕಿತು. ಆದರೆ ನಿಜವಾದ ಹೆಸರು, ಗುರುತಿನ ಪರಿಶೀಲನೆ ಇವತ್ತಿಗೂ ಕಡ್ಡಾಯ. ನಮ್ಮ ಡಾಟ್ ಇನ್ 2005ರಿಂದಲೇ ಎಲ್ಲರಿಗೂ ಮುಕ್ತ. ಆದರೆ ಡಾಟ್ ಗವ್ ಡಾಟ್ ಇನ್ ಸರ್ಕಾರಿ ಸಂಸ್ಥೆಗಳಿಗೆ ಮೀಸಲು.