‘ಆರಾಮಾಗಿದೀನಲ್ಲ, ಮಾತ್ರೆ ಯಾಕೆ?’

ತರೀಕೆರೆ ಕಡೆಯ ಹಳ್ಳಿಯೊಂದರಿಂದ ಓದುಗರೊಬ್ಬರು ಎರಡು ಹಾಳೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

‘ನಮ್ಮ ಯಜಮಾನರಿಗೆ ೫೪ ವರ್ಷ. ಅಡಿಕೆ ತೋಟ ಇದೆ. ಹೋದ ವರ್ಷ ಊರಿನ ಆರೋಗ್ಯ ಶಿಬಿರದಲ್ಲಿ ಬಿಪಿ ನೋಡಿದಾಗ ೧೭೦/೧೦೪ ಇತ್ತು. ಆಸ್ಪತ್ರೆಯಲ್ಲಿ ದಿನಕ್ಕೊಂದು ಮಾತ್ರೆ ಕೊಟ್ಟರು. ಎರಡು ತಿಂಗಳಿಗೆ ೧೩೨/೮೪ಕ್ಕೆ ಇಳಿಯಿತು. ನಾರ್ಮಲ್ ಆಯ್ತಲ್ಲ ಎಂದು ಮಾತ್ರೆ ಬಿಟ್ಟರು. ಈಗ ಏಳು ತಿಂಗಳಾಯಿತು. ತಲೆನೋವಿಲ್ಲ, ತಲೆಸುತ್ತಿಲ್ಲ, ಕೋಪದ ಮನುಷ್ಯನೂ ಅಲ್ಲ, ನನಗೆಲ್ಲಿಯ ಬಿಪಿ ಅಂತಾರೆ. ಒಮ್ಮೆ ಶುರು ಮಾಡಿದರೆ ಸಾಯೋವರೆಗೂ ನುಂಗಬೇಕು, ಕಿಡ್ನಿ ಹೋಗುತ್ತೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಅವರೇ ಸರ್ಪಗಂಧಿ ಬೇರಿನ ಪುಡಿ ತಂದುಕೊಟ್ಟಿದ್ದಾರೆ. ಕೊಡಲೋ ಬೇಡವೋ? ಸೊಂಟನೋವಿಗೆ ಮಾತ್ರ ಮೆಡಿಕಲ್ ಶಾಪ್‌ನಿಂದ ತಾವೇ ಮಾತ್ರೆ ತಂದು ನುಂಗುತ್ತಾರೆ.’

ಅಮ್ಮಾ,

ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ‘ಆರಾಮಾಗಿದೀನಲ್ಲ’ ಎನ್ನುವ ಮಾತನ್ನು ನಮ್ಮ ಅಪ್ಪನೂ ಆಡಿದ್ದರು. ಬಿಪಿ ಇಳಿದಿದೆ ಎಂದು ಗೊತ್ತಾದ ದಿನವೇ ಮಾತ್ರೆ ಬಿಟ್ಟರು. ನಾವು ಮಕ್ಕಳೂ ಸುಮ್ನೆ ಇದ್ದೆವು. ವರ್ಷ ದಾಟಿದ ಮೇಲೆ ಒಂದು ಬೆಳಗ್ಗೆ ಹಾಲಿನ ಪಾತ್ರೆ ಅವರ ಬಲಗೈಯಿಂದ ಜಾರಿ ಬಿತ್ತು. ಅವತ್ತಿನಿಂದ ಆ ಕೈ ಮೇಲೇಳಲಿಲ್ಲ. ಮಾತೂ ಹೋಯಿತು. ಪೂರ್ತಿ ಹೋಗಲಿಲ್ಲ, ಅದಲುಬದಲಾಯಿತು. ನೀರು ಬೇಕಾದಾಗ ‘ಛತ್ರಿ, ಛತ್ರಿ’ ಅನ್ನುತ್ತಿದ್ದರು. ತಪ್ಪು ಹೇಳುತ್ತಿದ್ದೇನೆ ಎಂದು ಅವರಿಗೇ ಗೊತ್ತಾಗುತ್ತಿತ್ತು. ಆಗ ಮುಖ ತಿರುಗಿಸಿಕೊಳ್ಳುತ್ತಿದ್ದರು. ಹಾಗೇ ಐದು ವರ್ಷ ಬದುಕಿದರು. ಆಮೇಲೆ ಬಿಪಿ ಬಗ್ಗೆ ನಾನು ಓದಿದೆ, ವೈದ್ಯರನ್ನು ಕೇಳಿದೆ. ನಾನು ವೈದ್ಯನಲ್ಲ. ಯಾವ ಮಾತ್ರೆ, ಎಷ್ಟು ಎನ್ನುವುದನ್ನು ನಿಮ್ಮ ಆಸ್ಪತ್ರೆಯವರೇ ಹೇಳಬೇಕು. ಆದರೆ ಮಾತ್ರೆ ಬಿಡುವ ಮೊದಲು ನಮ್ಮ ಅಪ್ಪನಿಗೆ ಯಾರಾದರೂ ಹೇಳಬೇಕಿದ್ದ ಕೆಲವು ಮಾತುಗಳನ್ನು ನಿಮಗೆ ಹೇಳುತ್ತೇನೆ.

ಮೊದಲು ಕೋಪದ ವಿಷಯ. ನಮ್ಮ ಮಾತಿನಲ್ಲೇ ಒಂದು ತೊಡಕು ಇದೆ. ಮನಸ್ಸಿಗೆ ಆಗುವುದೂ ಒತ್ತಡ, ರಕ್ತದ್ದೂ ಒತ್ತಡ. ‘ನನ್ನ ಬಿಪಿ ಏರಿಸಬೇಡ’ ಎಂದರೆ ಸಿಟ್ಟು ತರಿಸಬೇಡ ಎಂದೇ ಅರ್ಥ. ಹೀಗಾಗಿ ತಾಳ್ಮೆ ಇರುವವರಿಗೆ ಬಿಪಿ ಬರುವುದಿಲ್ಲ ಎಂದು ನಾವು ನಂಬಿಬಿಟ್ಟಿದ್ದೇವೆ. ಸಿಟ್ಟು ಬಂದಾಗ ಬಿಪಿ ಸ್ವಲ್ಪ ಹೊತ್ತು ಏರುತ್ತದೆ, ಆಮೇಲೆ ಇಳಿಯುತ್ತದೆ. ಕಾಯಿಲೆಯ ಬಿಪಿ ನಿದ್ದೆಯಲ್ಲೂ ಕೆಲಸ ಮಾಡುತ್ತದೆ. ಅಪ್ಪ ಅಮ್ಮನಿಂದ ಬಂದ ಗುಣ, ವಯಸ್ಸು, ಉಪ್ಪು, ಮೈತೂಕ, ಕುಡಿತ ಎಲ್ಲ ಸೇರಿ ಅದನ್ನು ತರುತ್ತವೆ. ಎಷ್ಟೋ ಜನ ಶಾಂತ ಸ್ವಭಾವದವರಿಗೆ ಬಿಪಿ ಇದೆ.

ನಿಮ್ಮ ಯಜಮಾನರು ತೋಟಕ್ಕೆ ನೀರು ಹಾಯಿಸುವವರು. ಅವರಿಗೆ ಈ ಲೆಕ್ಕ ಹೇಳಿ. ಬಿಪಿಯನ್ನು ಪಾದರಸದ ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಪಾದರಸ ನೀರಿಗಿಂತ ೧೩.೬ ಪಟ್ಟು ಭಾರ. ಅಂದರೆ ಮೇಲಿನ ಅಂಕಿ ೧೨೦ ಇದ್ದಾಗ ಹೃದಯದ ಒತ್ತು ನೀರನ್ನು ಐದಡಿಗೂ ಸ್ವಲ್ಪ ಮೇಲೆ ಎತ್ತುವಷ್ಟು ಇರುತ್ತದೆ. ೧೭೦ ಆದರೆ ಏಳೂವರೆ ಅಡಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ರಕ್ತನಾಳಕ್ಕೆ ಉದ್ದದ ಗಾಜಿನ ಕೊಳವೆ ಜೋಡಿಸಿ ನೋಡಿದ್ದ. ರಕ್ತ ಎಂಟಡಿಗೂ ಮೇಲೆ ಏರಿತ್ತು. ೧೭೩೩ರಲ್ಲಿ ಅವನು ಅದನ್ನು ಬರೆದು ಪ್ರಕಟಿಸಿದ. ಹೃದಯ ಹಿಂಡಿದಾಗಿನ ಒತ್ತಡ ಮೇಲಿನ ಅಂಕಿ, ಸಡಿಲವಾದಾಗ ಉಳಿಯುವುದು ಕೆಳಗಿನ ಅಂಕಿ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ ೧೪೦/೯೦ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ.

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಬೇಕಾದ್ದಕ್ಕಿಂತ ಎರಡಡಿ ಮೇಲಕ್ಕೆ ನೀರು ತಳ್ಳುವ ಮೋಟಾರನ್ನು ದಿನಕ್ಕೆ ಲಕ್ಷ ಸಲ ಓಡಿಸಿದಂತೆ. ಪೈಪು ಅವತ್ತೇ ಒಡೆಯುವುದಿಲ್ಲ. ಕೆಲವು ವರ್ಷ ಏನೂ ಆಗುವುದಿಲ್ಲ. ಒಳಗೊಳಗೇ ಜಾಯಿಂಟು ಸಡಿಲವಾಗುತ್ತದೆ. ದೇಹದಲ್ಲೂ ಹಾಗೇ. ರಕ್ತನಾಳದ ಒಳಪದರ ಗಾಯಗೊಳ್ಳುತ್ತದೆ, ಗೋಡೆ ದಪ್ಪವಾಗಿ ಗಡುಸಾಗುತ್ತದೆ, ಅಲ್ಲಿ ಕೊಬ್ಬು ಕೂರುತ್ತದೆ. ಹೃದಯದ ಗೋಡೆಯೂ ದಪ್ಪವಾಗುತ್ತದೆ. ಜಟ್ಟಿಯ ತೋಳಿನ ಹಾಗೆ ಬಲಿಯಿತು ಅಂದುಕೊಳ್ಳಬೇಡಿ. ದಪ್ಪವಾದ ಹೃದಯ ಸರಿಯಾಗಿ ಸಡಿಲಗೊಳ್ಳುವುದಿಲ್ಲ. ಕೊನೆಗೆ ಸೋಲುತ್ತದೆ, ನಾಲ್ಕು ಮೆಟ್ಟಿಲಿಗೇ ಏದುಸಿರು. ಮಿದುಳಿನಲ್ಲಿ ನಾಳ ಕಟ್ಟಿದರೂ ಒಡೆದರೂ ಲಕ್ವ. ಸಣ್ಣ ಸಣ್ಣ ನಾಳಗಳು ಒಂದೊಂದಾಗಿ ಮುಚ್ಚಿಕೊಂಡರೆ ನೆನಪು ಮಸುಕಾಗುತ್ತದೆ. ಅದನ್ನು ನಾವು ‘ವಯಸ್ಸಾಯ್ತು’ ಎಂದು ಬಿಟ್ಟುಬಿಡುತ್ತೇವೆ. ಕಣ್ಣಿನ ಹಿಂಭಾಗದ ನಾಳಗಳೂ ಕೆಡುತ್ತವೆ. ಕನ್ನಡಕಕ್ಕೆಂದು ಹೋದವರಿಗೆ ಕಣ್ಣಿನ ಡಾಕ್ಟರೇ ‘ಮೊದಲು ಬಿಪಿ ನೋಡಿಸಿ’ ಎನ್ನುವುದು ಇದಕ್ಕೇ.

ಇಷ್ಟೆಲ್ಲ ಆಗುತ್ತಿರುವಾಗ ಮೈಗೆ ಏನೂ ಗೊತ್ತಾಗುವುದಿಲ್ಲ. ರಕ್ತನಾಳದೊಳಗಿನ ಒತ್ತಡ ನಿಧಾನವಾಗಿ ಏರಿದರೆ ಅದನ್ನು ನೋವಾಗಿ ತಿಳಿಸುವ ಏರ್ಪಾಡು ನಮ್ಮ ದೇಹದಲ್ಲಿ ಇಲ್ಲ. ಹಾಗಾಗಿ ‘ತಲೆನೋವಿಲ್ಲ, ಬಿಪಿ ಇಲ್ಲ’ ಎನ್ನುವ ಮಾತು ನಿಲ್ಲುವುದಿಲ್ಲ. ೪೦ರಿಂದ ೬೯ರ ವಯಸ್ಸಿನವರಲ್ಲಿ ಮೇಲಿನ ಅಂಕಿ ೨೦ ಹೆಚ್ಚಾದರೆ ಲಕ್ವದಿಂದ ಮತ್ತು ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ೧೩೦ರಿಂದ ೧೭೦ಕ್ಕೆ ಎಷ್ಟಾಯಿತು, ಲೆಕ್ಕ ಹಾಕಿ.

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಕತೆ ನನಗೆ ಆಗಾಗ ನೆನಪಾಗುತ್ತದೆ. ೧೯೪೪ರ ಮಾರ್ಚ್‌ನಲ್ಲಿ ಹೃದಯ ತಜ್ಞರು ನೋಡಿದಾಗ ಅವರ ಬಿಪಿ ೧೮೬/೧೦೮ ಇತ್ತು. ನಿಮ್ಮ ಯಜಮಾನರದ್ದಕ್ಕಿಂತ ಸ್ವಲ್ಪವೇ ಜಾಸ್ತಿ. ಉಪ್ಪು ಕಡಿಮೆ ಮಾಡಿ, ಸಿಗರೇಟು ಕಡಿಮೆ ಮಾಡಿ, ವಿಶ್ರಾಂತಿ ತಗೊಳ್ಳಿ ಎಂದರು. ಅದಕ್ಕಿಂತ ಹೆಚ್ಚು ಮಾಡಲು ಅವರ ಕೈಯಲ್ಲಿ ಬಿಪಿ ಇಳಿಸುವ ಒಳ್ಳೆಯ ಮದ್ದೇ ಇರಲಿಲ್ಲ. ಮರುವರ್ಷ ಏಪ್ರಿಲ್ ೧೨ರಂದು ಕೂತಲ್ಲೇ ತಲೆ ಹಿಡಿದುಕೊಂಡರು. ಮಿದುಳಿನಲ್ಲಿ ರಕ್ತಸ್ರಾವ. ಆಗ ನೋಡಿದ ಬಿಪಿ ೩೦೦ ದಾಟಿತ್ತು. ಅವತ್ತೇ ತೀರಿಕೊಂಡರು. ಅವರಿಗೆ ೬೩ ವರ್ಷ. ದೊಡ್ಡ ಯುದ್ಧ ನಡೆಸುತ್ತಿದ್ದ ದೇಶದ ಅಧ್ಯಕ್ಷರಿಗೆ ಸಿಗದ ಮದ್ದು ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅದನ್ನು ಬೀರುವಿನಲ್ಲಿಟ್ಟು ಮರೆಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಸರ್ಪಗಂಧಿಗೆ ಬರೋಣ. ಪಕ್ಕದ ಮನೆಯವರ ಮಾತಿನಲ್ಲಿ ಸತ್ಯ ಇದೆ. ಆ ಬೇರು ಬಿಪಿ ಇಳಿಸುತ್ತದೆ. ಮುಂಬೈಯ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ ಅವರು ೧೯೪೯ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಇದರ ಬಗ್ಗೆ ಬರೆದ ಮೇಲೆ ಜಗತ್ತಿನ ಕಣ್ಣು ಈ ಗಿಡದ ಮೇಲೆ ಬಿತ್ತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದರಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರೆ ಮಾಡಿದರು. ಬಿಪಿಗೆ ಮೊದಮೊದಲು ಬಂದ ಮಾತ್ರೆಗಳಲ್ಲಿ ಅದೂ ಒಂದು. ನಮ್ಮ ನೆಲದ ಬೇರು ಲೋಕಕ್ಕೆಲ್ಲ ಮದ್ದಾಯಿತು ಎಂಬ ಹೆಮ್ಮೆ ನನಗೂ ಇದೆ.

ಆದರೆ ಪುಡಿ ಕೊಡಬೇಡಿ. ಒಂದು ಚಿಟಿಕೆಯಲ್ಲಿ ಆ ಅಂಶ ಎಷ್ಟಿದೆ ಎಂದು ಯಾರಿಗೆ ಗೊತ್ತು? ಒಂದು ಬೇರಿನಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಜಾಸ್ತಿಯಾದರೆ ಬಿಪಿ ತೀರಾ ಕುಸಿಯುತ್ತದೆ. ಮೂಗು ಕಟ್ಟುವುದು, ಮಂಪರು, ಮನಸ್ಸು ಕುಗ್ಗಿ ಯಾವುದೂ ಬೇಡ ಅನ್ನಿಸುವುದು, ಇವೆಲ್ಲ ಆ ಮಾತ್ರೆ ತಿಂದವರಲ್ಲಿ ಕಂಡ ತೊಂದರೆಗಳು. ಅದಕ್ಕೇ ಆಮೇಲೆ ಬಂದ ಒಳ್ಳೆಯ ಮಾತ್ರೆಗಳು ಅದರ ಜಾಗ ತೆಗೆದುಕೊಂಡವು. (ಅಗೆದು ಅಗೆದು ಕಾಡಿನಲ್ಲಿ ಆ ಗಿಡವೇ ಅಪರೂಪವಾಗಿದೆ ಎನ್ನುವುದು ಬೇರೆ ಸಂಕಟ.)

ಇನ್ನು ‘ಸಾಯೋವರೆಗೂ ನುಂಗಬೇಕು’ ಎನ್ನುವ ಭಯ. ಚಟ ಬೇರೆ, ಅಗತ್ಯ ಬೇರೆ. ನಿಮ್ಮ ಮನೆಯ ಹಂಚು ಪ್ರತಿ ಮಳೆಗಾಲ ನೀರು ತಡೆಯುತ್ತದೆ. ಒಳಗೆ ನೀರು ಬರುತ್ತಿಲ್ಲವಲ್ಲ ಎಂದು ಯಾರೂ ಹಂಚು ಇಳಿಸುವುದಿಲ್ಲ, ಅಲ್ವಾ? ೧೩೨/೮೪ ಬಂದದ್ದು ಮಾತ್ರೆ ಇದ್ದದ್ದರಿಂದ. ಅದು ಕಾಯಿಲೆ ಹೋದ ಗುರುತಲ್ಲ, ಮದ್ದು ಕೆಲಸ ಮಾಡಿದ ಗುರುತು. ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ ಮಾತ್ರೆಯ ಪ್ರಮಾಣ ತಗ್ಗಿಸಿಕೊಂಡವರೂ ಇದ್ದಾರೆ. ಆದರೆ ಅದನ್ನು ವೈದ್ಯರು ನೋಡಿ ಮಾಡಬೇಕು. ಕೆಲವು ಬಗೆಯ ಬಿಪಿ ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ಬಿಪಿ ಮೊದಲಿಗಿಂತ ಜೋರಾಗಿ ಏರುತ್ತದೆ. ಮಾತ್ರೆಯಿಂದ ತೊಂದರೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆಮ್ಲೋಡಿಪಿನ್ ತಿಂದ ಕೆಲವರಿಗೆ ಪಾದ ಊದುತ್ತದೆ. ಇನ್ನೊಂದು ಗುಂಪಿನ ಮಾತ್ರೆಗೆ ಒಣಕೆಮ್ಮು ಬರುತ್ತದೆ. ಹಾಗಾದರೆ ಹೋಗಿ ಹೇಳಿದರೆ ಮಾತ್ರೆ ಬದಲಿಸಿ ಕೊಡುತ್ತಾರೆ.

ಕಿಡ್ನಿಯ ಮಾತು ತಿರುವುಮುರುವಾಗಿದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಸೋಸುಕಗಳಿವೆ. ಹಿಡಿತಕ್ಕೆ ಸಿಗದ ಬಿಪಿ ಅವುಗಳನ್ನು ಒಂದೊಂದಾಗಿ ಹಾಳು ಮಾಡುತ್ತದೆ. ಬಹುಪಾಲು ಹೋಗುವವರೆಗೆ ಅದೂ ಗೊತ್ತಾಗುವುದಿಲ್ಲ. ಅಂದರೆ ಬಿಪಿ ಮಾತ್ರೆ ತಿನ್ನುವುದೇ ಕಿಡ್ನಿ ಉಳಿಸಿಕೊಳ್ಳುವುದಕ್ಕೆ. ನನಗೆ ನಿಜವಾಗಿ ಹೆದರಿಕೆಯಾದದ್ದು ನಿಮ್ಮ ಪತ್ರದ ಕೊನೆಯ ಸಾಲು ಓದಿ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಬಿಪಿಯನ್ನೂ ಏರಿಸುತ್ತವೆ, ದಿನಾ ತಿಂದರೆ ಕಿಡ್ನಿಗೂ ಪೆಟ್ಟು ಕೊಡುತ್ತವೆ. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಸೊಂಟನೋವಿಗೆ ಏನು ತಗೊಳ್ಳಬಹುದು ಎಂದು ವೈದ್ಯರನ್ನೇ ಕೇಳಿ. ಹೋಗುವಾಗ ಆ ಮಾತ್ರೆಯ ಹಾಳೆ ಕೈಯಲ್ಲಿರಲಿ.

ಉಪ್ಪಿನ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. ಮಲೆನಾಡಿನ ಮಳೆ ನಮಗೆ ಉಪ್ಪಿನ ಅಡುಗೆ ಕಲಿಸಿತು. ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದ ಊರಲ್ಲಿ ಅಪ್ಪೆಮಿಡಿ, ಉಪ್ಪುಸೊಳೆ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಇಲ್ಲದೆ ಊಟ ಆಗುತ್ತಿರಲಿಲ್ಲ. ಆ ರುಚಿ ನನ್ನ ನಾಲಿಗೆಯಲ್ಲೂ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು. ಹೆಚ್ಚೆಂದರೆ ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ, ಬೇಕರಿ ತಿಂಡಿ ಎಲ್ಲ ಸೇರಿ ಅಷ್ಟೇ. ತೂಗುವುದು ಕಷ್ಟ, ಅದಕ್ಕೆ ಸುಲಭದ ಒಂದು ದಾರಿ ಇದೆ. ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ಅದು ೫೦ ದಿನ ಬರಬೇಕು. ಇಬ್ಬರೇ ಇದ್ದರೆ ೧೦೦ ದಿನ. ಮೊದಲೇ ಮುಗಿದರೆ ಎಷ್ಟು ಜಾಸ್ತಿ ತಿನ್ನುತ್ತಿದ್ದೀರಿ ಎಂದು ತಿಳಿಯುತ್ತದೆ. ಎಲೆ ತುದಿಗೆ ಉಪ್ಪು ಬಡಿಸುವುದನ್ನು, ಅನ್ನಕ್ಕೆ ಉಪ್ಪು ಹಾಕುವುದನ್ನು ಮೊದಲು ಬಿಡಿ. ಸೈಂಧವ ಲವಣವೂ ಉಪ್ಪೇ, ಅದರಿಂದ ಉಳಿತಾಯವಿಲ್ಲ. ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಿನ್ನುವವರಿಗೆ ಅಪಾಯ. ಕೇಳಿಯೇ ತನ್ನಿ. ಯಜಮಾನರು ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಾರೋ ಇಲ್ಲವೋ ನೀವು ಬರೆದಿಲ್ಲ. ಹಾಕುತ್ತಿದ್ದರೆ ಅದನ್ನು ಬಿಡಲೇಬೇಕು.

ಬಿಪಿ ನೋಡಿಸುವಾಗ ಐದು ನಿಮಿಷ ಸುಮ್ಮನೆ ಕೂರಲಿ. ಬಸ್ಸಿಳಿದು ಓಡಿಬಂದು ಕೈ ಕೊಟ್ಟರೆ ಅಂಕಿ ಸರಿ ಬರುವುದಿಲ್ಲ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಅರ್ಧ ಗಂಟೆ ಮೊದಲು ಕಾಫಿ ಬೇಡ, ನೋಡುವಾಗ ಮಾತು ಬೇಡ. ಮನೆಗೆ ಯಂತ್ರ ತಂದರೆ ತೋಳಿಗೆ ಕಟ್ಟುವಂಥದ್ದು ತನ್ನಿ, ಮಣಿಕಟ್ಟಿನದು ಬೇಡ. ಅಂಕಿಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಒಂದು ಮಾತು ಮನೆಯವರಿಗೆಲ್ಲ ಗೊತ್ತಿರಲಿ. ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ‘ಸ್ವಲ್ಪ ಮಲಗಲಿ’ ಎನ್ನಬೇಡಿ. ೧೦೮ಕ್ಕೆ ಫೋನ್ ಮಾಡಿ. ನಾಳ ಕಟ್ಟಿ ಆದ ಲಕ್ವಕ್ಕೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಪ್ಪನನ್ನು ನಾವು ಮಧ್ಯಾಹ್ನದವರೆಗೆ ಮಲಗಿಸಿದ್ದೆವು.

ಏಳು ತಿಂಗಳು ಕಳೆದವು ಎಂದು ಯಜಮಾನರನ್ನು ಬೈಯಬೇಡಿ. ಈ ವಾರವೇ ಕರೆದುಕೊಂಡು ಹೋಗಿ. ಮೇಲಿನ ಅಂಕಿ ೧೦ ಇಳಿದರೂ ಲಕ್ವದ ಸಾಧ್ಯತೆ ಕಾಲುಭಾಗದಷ್ಟು ಕಡಿಮೆಯಾಗುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ಅಂಶ), ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್ ನೋಡಿ ಎಂದು ಕೇಳಿ. ಒಂದು ಇಸಿಜಿಯೂ ಆಗಲಿ.

ಇನ್ನೊಂದು ವಿಷಯ. ಎರಡು ಹಾಳೆ ತುಂಬ ನೀವು ಯಜಮಾನರ ಬಿಪಿಯ ಬಗ್ಗೆ ಬರೆದಿದ್ದೀರಿ. ನಿಮ್ಮದು ಎಷ್ಟಿದೆ ಎಂದು ಒಂದು ಸಾಲೂ ಇಲ್ಲ. ನಮ್ಮ ದೇಶದಲ್ಲಿ ದೊಡ್ಡವರಾದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬಿಪಿ ಜಾಸ್ತಿ ಇದೆ. ಬಸುರಿಯಾಗಿದ್ದಾಗ ನಿಮಗೆ ಬಿಪಿ ಏರಿತ್ತೇ? ಏರಿದ್ದರೆ ಮುಂದೆಯೂ ಬರುವ ಸಾಧ್ಯತೆ ಹೆಚ್ಚು, ವೈದ್ಯರಿಗೆ ಮರೆಯದೆ ಹೇಳಿ. ಯಜಮಾನರು ಬಿಪಿ ನೋಡಿಸಿಕೊಂಡು ಎದ್ದ ಮೇಲೆ ಅದೇ ಕುರ್ಚಿಯಲ್ಲಿ ನೀವೂ ಕೂತು ಕೈ ಚಾಚಿ. ನೋಟ್‌ಬುಕ್‌ನಲ್ಲಿ ಇಬ್ಬರ ಅಂಕಿಯೂ ಇರಲಿ. ಮುಂದಿನ ತಿಂಗಳು ಎರಡನ್ನೂ ನನಗೆ ಬರೆದು ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ