ಮಗಳು ಎನ್‌ಸಿಸಿ ಸೇರಿದರೆ ಅಪ್ಪ-ಅಮ್ಮನ ಕೆಲಸವೇನು?

ಪ್ರಶ್ನೆ: ಮುಂಬೈ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಮಗಳು ಶಾಲೆಯ ಎನ್‌ಸಿಸಿ ಸೇರಿದ್ದಾಳೆ. ನಾವು ತಲೆಹಾಕಬೇಕೆ?

ಉತ್ತರ: ಹಾಕಬೇಕು, ಆದರೆ ಮೈದಾನದಲ್ಲಲ್ಲ, ಮನೆಯ ವೇಳಾಪಟ್ಟಿಯಲ್ಲಿ. ಶಾಲಾ ಮಟ್ಟದ ತರಬೇತಿ ಎರಡು ವರ್ಷದ್ದು. ಕೊನೆಗೆ ‘ಎ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಮುಂಬೈ ಮಕ್ಕಳು ಎಡವುವುದು ಇಲ್ಲೇ: ಒಂಬತ್ತನೇ ತರಗತಿ ಬಂತೆಂದರೆ ಕೋಚಿಂಗ್ ಕ್ಲಾಸಿನ ಟೆಸ್ಟೂ ಪರೇಡೂ ಒಂದೇ ಬೆಳಗ್ಗೆ ಬೀಳುತ್ತವೆ. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪರೇಡ್ ತಪ್ಪಿದರೆ ಎರಡು ವರ್ಷದ ಬೆವರು ನೀರುಪಾಲು. ಹಾಗಾಗಿ ಕ್ಲಾಸಿನ ಫೀಸು ಕಟ್ಟುವ ಮೊದಲೇ ಪರೇಡಿನ ದಿನ ಕೇಳಿಕೊಳ್ಳಿ.

ಶಿಬಿರ ಸಾಮಾನ್ಯವಾಗಿ 10 ದಿನ. ಉಬ್ಬಸ, ಅಲರ್ಜಿ ಇದ್ದರೆ ಒಪ್ಪಿಗೆ ಪತ್ರದ ಜೊತೆಗೇ ಬರೆದುಕೊಡಿ. ಶಿಬಿರಕ್ಕೆ ಸೇರಿಸಿಕೊಳ್ಳುವುದಿಲ್ಲವೇನೋ ಎಂದು ಮುಚ್ಚಿಟ್ಟರೆ ಬಿಸಿಲಿನ ಡ್ರಿಲ್‌ನಲ್ಲಿ ಅದೇ ಹೊರಬೀಳುತ್ತದೆ. ಹೊಸ ಬೂಟು ವಾರ ಮೊದಲೇ ಮನೆಯಲ್ಲಿ ಹಾಕಿ ಪಳಗಿಸಿ, ಇಲ್ಲವಾದರೆ ಕಾಲಲ್ಲಿ ಬೊಬ್ಬೆ ಖಚಿತ.

ಇನ್ನೊಂದು ಮಾತು. ಶಾಲೆಯ ಎನ್‌ಸಿಸಿ ಘಟಕ ನಡೆಸುವ ಎಎನ್‌ಒ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್) ಬಹುತೇಕ ಅದೇ ಶಾಲೆಯ ಶಿಕ್ಷಕರು, ಪಾಠದ ಹೊರೆಯ ಮೇಲೆ ಇದನ್ನೂ ಹೊತ್ತವರು. ಗೈರುಹಾಜರಾದವರ ಮನೆಗೆ ಫೋನ್ ಮಾಡುವುದರಲ್ಲೇ ಅವರು ಸೋತರೆ ಘಟಕವೂ ಸೊರಗುತ್ತದೆ. ಅಂದಹಾಗೆ, ಎನ್‌ಸಿಸಿ ಸೇರಿದವರು ಸೇನೆಗೆ ಹೋಗಲೇಬೇಕೆಂಬ ಬಾಧ್ಯತೆ ಇಲ್ಲ.